ಮುಂದಿನ ವರ್ಷದ ಹುಣಸೆಹಣ್ಣು

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಹೊಸ ಹುಣಸೆಹಣ್ಣನ್ನು ಆ ವರ್ಷವೇ ಸಾರಿಗೆ ಹಾಕಿದವರಲ್ಲ. ಉಪ್ಪು ಬೆರೆಸಿ ಜಾಡಿಗೆ ತುಂಬಿ, "ಮುಂದಿನ್ ವರ್ಷಕ್ಕಿರ್ಲಿ" ಎನ್ನುತ್ತಿದ್ದರು.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ತುಮಕೂರಿನ ಡಾಕ್ಟರು, ಎದೆಯ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದೆ, ಮುಂದಿನ ಯುಗಾದಿ ಕಾಣುವುದು ಕಷ್ಟ ಎಂದು ಅವರೆದುರೇ ಹೇಳಿದರು. ದೊಡ್ಡಮ್ಮ ಬಸ್ಸಿಳಿದು ಬಂದವರೇ ಬೆನ್ನಿಗೆ ದಿಂಬು ಕೊಟ್ಟು ಕೂತು, ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದರು.

"ಈಗ್ಯಾಕೆ ದೊಡ್ಡಮ್ಮ ಇದೆಲ್ಲ?" ಎಂದೆ.

"ಮುಂದಿನ್ ವರ್ಷ ನಾನು ಸಾರು ಮಾಡ್ಬೇಡ್ವೇನೇ?" ಎಂದು ಗದರಿದರು.

ಮರುವರ್ಷ ಯುಗಾದಿಯ ಮಧ್ಯಾಹ್ನ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಒಬ್ಬಟ್ಟಿನ ಸಾರಿನ ಪಾತ್ರೆ ಹಿಡಿದು ನಮ್ಮ ಹೊಸ್ತಿಲು ದಾಟಿದರು. ಅದೇ ಜಾಡಿಯ ಹುಳಿ. ನಾನು ಅವರನ್ನೇ ನೋಡುತ್ತ ನಿಂತೆ.

"ನನ್ನೇನ್ ನೋಡ್ತೀಯೇ? ಬೇಗ ಉಂಡು ಬಾ. ಹೊಸ ಹಣ್ಣು ಬಂದದೆ, ಜಾಡಿ ತುಂಬ್ಬೇಕು."