ಬಾಗಿಲ ಮೇಲೆ ಯಾರ ಹೆಸರು

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು, ರೊಟ್ಟಿಯ ಹಂಚು, ಜೋಳದ ಚೀಲ ಇಳಿಸಿಕೊಂಡು ನಿಂತಾಗ ನನಗೆ ಗುರುತು ಸಿಕ್ಕಿದ್ದು ಒಂದೇ ಒಂದು: ವಿದೇಶಿ ಹೆಸರಿನ ಚಪ್ಪಲಿ ಅಂಗಡಿ. ಹುಬ್ಬಳ್ಳಿಯಲ್ಲಿ ನಮ್ಮ ಓಣಿ ದಾಟಿದರೆ ಸಿಗುತ್ತಿದ್ದ ಅದೇ ಅಂಗಡಿ. ಅದೇ ಬಣ್ಣ, ಅದೇ ಅಕ್ಷರ, ಕಾಲಿಟ್ಟು ಅಳತೆ ನೋಡುವ ಅದೇ ಇಳಿಜಾರು ಸ್ಟೂಲು. ಉಳಿದದ್ದೆಲ್ಲ ಅಪರಿಚಿತ. ಕನ್ನಡ ಕೂಡ.

“ಎಲ್ಲಿಗಮ್ಮಾ ಓಗ್ಬೇಕು? ಸಾಮಾನೆಲ್ಲ ದಾರೀಲಿ ಮಡಗ್ಬುಟ್ರೆ ಬಸ್ಸೆಂಗ್ ತಿರುಗ್ಸದು?” ಅಂತ ಒಬ್ಬ ಕಂಡಕ್ಟರ್ ಕೂಗಿದ. ಬೈಯುತ್ತಿದ್ದಾನೆಂದು ತಿಳಿಯಿತು, ಏನೆಂದು ಬೈದನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಯಜಮಾನರು ಜಟಕಾ ಹುಡುಕಲು ಹೋದರು. ನಾನು ಸಾಮಾನನ್ನು ಗೋಡೆಗೆ ಸರಿಸಿ ಆ ಚಪ್ಪಲಿ ಅಂಗಡಿಯೊಳಗೆ ಹೋಗಿ ಕೂತೆ. ಕೊಳ್ಳುವುದಿರಲಿಲ್ಲ, ಉಸಿರಾಡುವುದಿತ್ತು. ಸುಮ್ಮನೆ ಕೂತರೆ ಏನಂದಾರು ಎಂದು ಒಂದು ಜೊತೆ ತೆಗೆಸಿ, “ಹುಬ್ಬಳ್ಳ್ಯಾಗ ಇದಕ್ಕಿಂತ ಕಡಿಮಿ ಕೊಡ್ತಾರಪಾ” ಎಂದೆ. ಹಸಿ ಸುಳ್ಳು. ಅವನು ನಕ್ಕು, “ಅಲ್ಲೂ ಇದೇ ರೇಟಮ್ಮ. ಎಲ್ಲೋದ್ರೂ ಇದೇ ರೇಟು” ಅಂದ. ಹುಬ್ಬಳ್ಳಿಯವನು ನಗುತ್ತಿದ್ದದ್ದೂ ಹೀಗೆಯೇ. ಪರವೂರಿನಲ್ಲಿ ಗುರುತಿನವರು ಸಿಕ್ಕಂತಾಗಿತ್ತು, ಆದರೆ ಆ ಗುರುತಿನವರಿಗೆ ನನ್ನ ಗುರುತಿರಲಿಲ್ಲ. ಅವತ್ತಿನಿಂದಲೇ ನನಗೆ ಎಲ್ಲ ಕಡೆ ಒಂದೇ ಥರ ಇರುವ ಅಂಗಡಿಗಳ ಮೇಲೆ ಗುಮಾನಿ.

ಇದೆಲ್ಲ ಎಪ್ಪತ್ತರ ದಶಕದ ಶುರುವಿನ ಮಾತು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಜಮಾನರಿಗೆ ಲೇತ್ ಮೇಲೆ ಕೆಲಸ ಸಿಕ್ಕಿತ್ತು. ಹುಬ್ಬಳ್ಳಿಯಲ್ಲಿ ನಾನು ಮನೆಯ ಮುಂಬಾಗಿಲಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದವಳು. ಯಾರ ಹತ್ತಿರವೂ ಕೈಚಾಚದೆ ಬಾಳಿದವಳು. ಊರು ಬಿಡುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ, ಕೇಳಿ. ಮನೆ ನೋಡಲು ಬೆಳಗ್ಗೆ ಹೋಗಬೇಡಿ, ಬೆಳಗ್ಗೆ ಎಲ್ಲ ನಲ್ಲಿಯಲ್ಲೂ ನೀರು ಬರುತ್ತದೆ. ಮಧ್ಯಾಹ್ನ ಹೋಗಿ, ಬಾಯಾರಿಕೆ ಅಂತ ಒಂದು ಲೋಟ ನೀರು ಕೇಳಿ. ಎಲ್ಲಿಂದ ತಂದುಕೊಡುತ್ತಾರೆ ನೋಡಿ. ಉಪ್ಪಾರಹಳ್ಳಿಯಲ್ಲಿ ನಾನು ಹೀಗೇ ನೀರು ಕುಡಿಯುತ್ತಾ ಕುಡಿಯುತ್ತಾ ಮನೆ ಹಿಡಿದೆ.

ಮನೆ ಸಿಕ್ಕಿತು, ಗಿರಣಿ ಸಿಗಲಿಲ್ಲ. ನಮ್ಮಲ್ಲಿ ಹಿಟ್ಟಿನ ಗಿರಣಿ ಎಂದರೆ ಜೋಳ, ಇಲ್ಲಿ ರಾಗಿ. ಗಿರಣಿಯವನು ನನ್ನ ಜೋಳದ ಡಬ್ಬಿ ನೋಡಿ ಕೈ ಆಡಿಸಿಬಿಟ್ಟ. “ರಾಗಿ ಕಲ್ಲಿಗೆ ಜೋಳ ಹಾಕುದ್ರೆ ಆಮೇಕ್ ಬಂದೋರು ನನ್ನ ಉಗೀತಾರೆ. ಓಗಮ್ಮ ಓಗು.” ನಾನು ಹೋಗಲಿಲ್ಲ. “ಮುಂಜಾನಿ ಎಲ್ಲಾರಕಿಂತ ಮೊದಲ ಬರ್ತೀನಿ. ಜೋಳ ಬೀಸಿದ ಮ್ಯಾಲೆ ನನ್ನ ರಾಗಿನ ಹಾಕಿ ಕಲ್ಲು ತೊಳಕೋ. ಕೆಟ್ಟರ ನನ್ನ ಹಿಟ್ಟ ಕೆಡತೈತಿ, ಮಂದೀದಲ್ಲ” ಎಂದೆ. ಅವನು ತಲೆ ಕೆರೆದುಕೊಂಡು ಒಪ್ಪಿದ. ಹಾಗೆ ಕಲ್ಲು ತೊಳೆದ ರಾಗಿ ಹಿಟ್ಟು ಮನೆಯಲ್ಲಿ ಕೂಡಿಬಿತ್ತು. ಚೆಲ್ಲಲು ಮನಸ್ಸು ಬಾರದೆ ನಾನು ಮುದ್ದೆ ತೊಳಸಲು ಕಲಿತೆ. ಯಾರೂ ಪ್ರೀತಿಯಿಂದ ಕಲಿಸಿದ್ದಲ್ಲ, ಜಿಪುಣತನ ಕಲಿಸಿತು.

ಹಗಲು ಹೇಗೋ ಹೋಗುತ್ತಿತ್ತು. ಸಂಜೆ ಮಾತ್ರ ಕಷ್ಟ. ಹುಬ್ಬಳ್ಳಿಯಲ್ಲಿ ಬದನೆಕಾಯಿ ಕೊಳ್ಳುವುದೆಂದರೆ ಅರ್ಧ ಜಗಳ, ಅರ್ಧ ನೆಂಟಸ್ತನ. ನಾವು ದರ ಮುರಿದು ಕೇಳುತ್ತೇವೆ, ಮಾರುವವಳು ನಮ್ಮ ತವರನ್ನು ಬೈಯುತ್ತಾಳೆ, ಕೊನೆಗೆ ಮಕ್ಕಳು ಹೇಗಿದ್ದಾರೆಂದು ಕೇಳುತ್ತಾಳೆ. ಇಲ್ಲಿ ದರ ಮುರಿದರೆ, “ಬ್ಯಾಡ ಅಂದ್ರೆ ಬುಡಮ್ಮ” ಅಂದು ಮುಖ ಆಚೆ ತಿರುಗಿಸುತ್ತಿದ್ದರು. ಜಗಳ ಕೂಡ ಇಲ್ಲದ ಸಂತೆಯಿಂದ ಚೀಲ ತುಂಬಿಕೊಂಡು ಬಂದು ನಾನು ಅತ್ತದ್ದಿದೆ.

ಅಷ್ಟರಲ್ಲಿ ನನಗೆ ಗೊತ್ತಾದದ್ದು, ಕಾರ್ಖಾನೆಗಳಲ್ಲೂ ಕಚೇರಿಗಳಲ್ಲೂ ನಮ್ಮ ಕಡೆಯವರು ಬೇಕಾದಷ್ಟು ಜನ ರೊಟ್ಟಿ ಇಲ್ಲದೆ ಒದ್ದಾಡುತ್ತಿದ್ದಾರೆಂದು. ಖಾನಾವಳಿ ತೆಗೆಯಬೇಕೆಂದು ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ನೋಡಿದೆ. ಅದರ ಮಾಲೀಕರು ರುದ್ರಣ್ಣ, ಗುಬ್ಬಿಯ ಕಡೆ ತೆಂಗಿನ ತೋಟದವರು. ಬಾಡಿಗೆ ಮಾತಾಡಲು ಅವರ ಮನೆಗೆ ಹೋದೆ. ಅವರ ಹೆಂಡತಿ ಗಂಗಮ್ಮ ಎಳನೀರು ಕೆತ್ತಿ ಕೈಗಿಟ್ಟರು. ಕುಡಿದು ಮುಗಿಸಿ ಸೆರಗಿನ ಗಂಟು ಬಿಚ್ಚುತ್ತಾ, “ಎಷ್ಟ್ ಕೊಡ್ಲಿ?” ಎಂದೆ. ಅವರು ಸುಮ್ಮನೆ ನನ್ನನ್ನೇ ನೋಡಿದರು. ಹೆಚ್ಚಿಗೆ ಹೇಳುವ ಹುನ್ನಾರ ಎಂದುಕೊಂಡು, “ಹುಬ್ಬಳ್ಳಿ ರೇಟ್ ಹೇಳಬ್ಯಾಡ್ರಿ ಮತ್ತ. ನಿಮ್ಮ ಹಿತ್ತಲದಾಗ ಬೆಳದದ್ದು” ಎಂದು ಚೌಕಾಸಿಗೇ ಇಳಿದೆ.

“ಅಯ್ಯೋ, ಬರ್ರೀ ಇಲ್ಲಿ, ನೋಡ್ರೀ ಇವ್ರನ್ನ!” ಗಂಗಮ್ಮ ಗಂಡನನ್ನು ಕೂಗಿದರು. “ಮನೆ ಎಳ್ನೀರಿಗೆ ಕಾಸು ಕೊಡ್ತಾರಂತೆ! ಅದ್ರಾಗೂ ಚೌಕಾಸಿ ಬೇರೆ! ಅಲ್ಲ ಕಣಮ್ಮ, ಅಟ್ಟಕ್ಕೋಗೋ ಕಾಯ ನಿಮ್ಗೇ ಅಂತ ಎಳೇದ್ರಾಗೆ ಕೀಳ್ಸಿವ್ನಿ, ಮಾರಕ್ಕಾ?”

ಆ ಕಡೆಯಲ್ಲಿ ಕಾಯಿ ಬಲಿತ ಮೇಲೆ ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚೂಕಡಿಮೆ ವರ್ಷವಿಡೀ ಅಲ್ಲೇ ಬಿದ್ದು ಒಳಗಿನ ನೀರು ಇಂಗಿದ ಮೇಲೆ ಒಡೆಯದ ಇಡೀ ಉಂಡೆಯಾಗಿ ಗಿಟುಕು ಕೊಬ್ಬರಿಯಾಗುತ್ತದೆ. ಎಳೆಯದರಲ್ಲೇ ಕೀಳುವುದು ನಷ್ಟ, ಅದು ನೆಂಟರಿಗೂ ಕಾಯಿಲೆಯವರಿಗೂ ಮಾತ್ರ. ನಮ್ಮ ಕಡೆ ದುಡ್ಡು ಕೊಟ್ಟು ಕುಡಿದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಾಚಿಕೆಯಿಂದ ಕುಗ್ಗಿಹೋದೆ. ಬಾಡಿಗೆಯ ವಿಷಯದಲ್ಲಿ ಮಾತ್ರ ಅವರೂ ನಾಚಲಿಲ್ಲ, ನಾನೂ ನಾಚಲಿಲ್ಲ.

ಅದೇ ಜಗಲಿಯಲ್ಲಿ ದಿಲ್ಲಿಯ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಕೂತಿದ್ದರು. ಇಷ್ಟೊಂದು ಕೊಬ್ಬರಿ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದನ್ನು ರುದ್ರಣ್ಣ ಮುರುಕು ಹಿಂದಿಯಲ್ಲಿ ದಾಟಿಸಿದರು. ಅವರ ಮದುವೆಗಳಲ್ಲಿ ಹೆಣ್ಣಿನ ಮಡಿಲಿಗೆ ಇಡೀ ಗಿಟುಕು ಹಾಕುತ್ತಾರಂತೆ. ನಾನು ಎದ್ದು ನಿಂತುಬಿಟ್ಟೆ. ನಮ್ಮಲ್ಲಿ ಉಡಿ ತುಂಬುವಾಗ ಕೊಬ್ಬರಿ ಬಟ್ಟಲು ಇಡುವುದಿಲ್ಲವೇ? ಅದೂ ಇದೂ ಒಂದೇ ಥರ. ಆದರೆ ಆ ಪದ್ಧತಿಯನ್ನು ಯಾವ ಕಂಪನಿಯೂ ಪೆಟ್ಟಿಗೆ ಕಟ್ಟಿ ಕಳಿಸಿದ್ದಲ್ಲ.

ಖಾನಾವಳಿ ನಡೆಯಿತು. ಮೊದಮೊದಲು ನಮ್ಮವರು ಬಂದರು, ಆಮೇಲೆ ಇಲ್ಲಿಯವರೂ ಬಂದು, “ಏನಮ್ಮೋ ಹುಬ್ಳಿಯಮ್ಮ, ಖಾರ ಆಕೀಯೋ ಬೆಂಕಿ ಆಕೀಯೋ?” ಅನ್ನುತ್ತಾ ಕಣ್ಣೀರು ಒರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದರು. ಊಟದ ಕೊನೆಗೆ ಯಾರೂ ಕೇಳುವ ಮೊದಲೇ ನಾನು ಮಜ್ಜಿಗೆ ಹೊಯ್ಯುತ್ತಿದ್ದೆ. ನಮ್ಮಲ್ಲಿ ಅದಕ್ಕೆ ಲೆಕ್ಕವಿಲ್ಲ, ಮಜ್ಜಿಗೆ ಬಾರದೆ ಎಲೆ ಮುಂದಿನಿಂದ ಯಾರೂ ಏಳುವುದಿಲ್ಲ.

ಆಗ ಬಂದ, ಬೆಂಗಳೂರಿನಿಂದ ಕೂಲ್‌ಡ್ರಿಂಕ್ ಏಜೆಂಟ. ಕಪ್ಪು ಬಣ್ಣದ ನೊರೆನೀರಿನ ವಿದೇಶಿ ಕಂಪನಿ. ಹೆಸರು ಬರೆಯುವುದಿಲ್ಲ, ಅವರ ಜಾಹೀರಾತನ್ನು ನಾನೇಕೆ ಪುಕ್ಕಟೆ ಮಾಡಲಿ?

“ಐಸ್ ಪೆಟ್ಟಿಗೆ ಫ್ರೀ ಮೇಡಂ. ಬಾಗಿಲ ಮೇಲೆ ದೊಡ್ಡ ಬೋರ್ಡು, ಅದೂ ಫ್ರೀ. ಕೆಳಗಡೆ ನಿಮ್ಮ ಹೆಸರೂ ಬರಿಸ್ತೀವಿ.”

“ಎಷ್ಟ್ ದೊಡ್ಡದು, ನನ್ನ ಹೆಸರು?”

ಅವನು ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದ. “ಒಂದೇ ಒಂದು ಕಂಡಿಷನ್ನು. ನೀರು ಬಿಟ್ರೆ ಟೇಬಲ್ ಮೇಲೆ ಬೇರೆ ಕುಡಿಯೋದು ಏನೂ ಇರಬಾರದು. ಮಜ್ಜಿಗೆ ನಿಲ್ಲಿಸಬೇಕು.”

“ಮಜ್ಜಿಗಿ ನಾ ಮಾರೂದಿಲ್ಲಲ್ಲೋ ತಮ್ಮಾ.”

“ಅದೇ ತೊಂದರೆ ಮೇಡಂ. ಪುಕ್ಕಟೆ ಸಿಕ್ರೆ ನಮ್ಮದು ಯಾರು ಕೊಂಡುಕೋತಾರೆ?”

ಒಂದು ಬಾಟಲಿ ಬಿಚ್ಚಿ ಕೊಟ್ಟ. ಸುಳ್ಳೇಕೆ ಹೇಳಲಿ, ರುಚಿಯಾಗಿತ್ತು. ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸುವ ಆಟ ನನಗೆ ಹಿಡಿಸಿತು. ಅಷ್ಟು ದೂರದ ದೇಶದ್ದಲ್ಲವೇ ಎಂದು ಆಸೆಯಿಂದ ಕೇಳಿದೆ: “ಆ ದೇಶದಾಗ ಊಟಕ್ಕ ಏನ್ ಉಣ್ತಾರ? ಒಲಿ ಹ್ಯಾಂಗ ಇರತೈತಿ? ಹೆಂಗಸ್ರು ಅಂಗಡಿ ನಡಸ್ತಾರೇನು?” ಅವನು ತಬ್ಬಿಬ್ಬಾದ. ಅವನು ಬೆಂಗಳೂರು ಬಿಟ್ಟು ಹೊರಗೆ ಕಾಲಿಟ್ಟದ್ದೇ ಆ ಕೆಲಸ ಸಿಕ್ಕ ಮೇಲೆ. ಎಲ್ಲ ಊರಿಗೂ ಹೋಗಿಬಂದ ಬಾಟಲಿ ಒಂದೂರಿನ ಸುದ್ದಿಯನ್ನೂ ಹೊತ್ತು ತಂದಿರಲಿಲ್ಲ. ಅವನಿಗಿಂತ ಆ ಕೊಬ್ಬರಿ ವ್ಯಾಪಾರಿಯೇ ಮೇಲಾಗಿದ್ದರು, ತಮ್ಮ ಕಡೆಯ ಮದುವೆಯ ಸುದ್ದಿಯನ್ನಾದರೂ ತಂದಿದ್ದರು.

ಏಜೆಂಟ ನನ್ನನ್ನು ಬಿಟ್ಟು ರುದ್ರಣ್ಣನವರ ಬೆನ್ನು ಹತ್ತಿದ. ಅವರು ಬಂದು ಬೆಂಚಿನ ಮೇಲೆ ಕೂತು ಹೇಳಿದರು: “ನೋಡಮ್ಮ, ಸಿಟಿ ಬೆಳೀತಾ ಐತೆ. ಆ ಬೋರ್ಡು ಇದ್ರೆ ಮಳಿಗೇಗೂ ಒಂದು ಲಕ್ಷಣ. ನೀನು ಹಾಕ್ಸ್ಕೊಳಲ್ಲ ಅಂದ್ರೆ ನಮ್ಮಳಿಯ ಕೇಳ್ತಾವ್ನೆ, ಅವ್ನೇ ಕೂಲ್‌ಡ್ರಿಂಕ್ಸ್ ಅಂಗ್ಡಿ ಇಡ್ತಾನೆ. ನಿನ್ನ ಎಬ್ಬಿಸ್ಬೇಕು ಅಂತಲ್ಲ. ಯೋಚ್ನೆ ಮಾಡಿ ಹೇಳು.”

ಅಂದರೆ ಮಜ್ಜಿಗೆ ಬಿಡಬೇಕು, ಇಲ್ಲವೇ ಮಳಿಗೆ ಬಿಡಬೇಕು. ಈ ಊರಲ್ಲಿ ಕಾಲೂರಿದ್ದೇ ಆ ಮಳಿಗೆಯಿಂದ. ಯಜಮಾನರು, “ಹಾಕಿಸಿಕೊಂಡ್ ಬಿಡ. ಹಲಗಿಗೆ ಹಲ್ಲ ಇರತಾವೇನು?” ಅಂದರು.

ನನ್ನದೊಂದು ರೀತಿಯಿದೆ. ಯಾರಾದರೂ ಪುಕ್ಕಟೆ ಕೊಡಲು ಬಂದರೆ ಕೊಡುವವನನ್ನು ಏನೂ ಕೇಳಬೇಡಿ, ಮೊದಲು ತೆಗೆದುಕೊಂಡವರ ಮನೆಗೆ ಹೋಗಿ ಕೇಳಿ. ಕುಣಿಗಲ್‌ನಲ್ಲಿ ಒಂದು ಹೋಟೆಲಿಗೆ ಆ ಬೋರ್ಡು ಹಾಕಿದ್ದೇನೆಂದು ಏಜೆಂಟನೇ ಜಂಬ ಕೊಚ್ಚಿದ್ದ. ಬಸ್ಸು ಹತ್ತಿದೆ. ಹೋಟೆಲಿನವರ ಹೆಸರು ನಂಜಮ್ಮ ಎಂದು ಗೊತ್ತಿತ್ತು. ಬಸ್ಸಿಳಿದು, “ನಂಜಮ್ಮನ ಹೋಟ್ಲು ಎಲ್ಲೈತ್ರಿ?” ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೂಲ್‌ಡ್ರಿಂಕಿನ ಹೆಸರು ಹೇಳಿದ ತಕ್ಷಣ ಒಬ್ಬರಲ್ಲ, ಇಬ್ಬರು ಕೈ ತೋರಿಸಿದರು.

ನಂಜಮ್ಮ ನನಗಿಂತ ಹಿರಿಯರು. ನನ್ನ ಮಾತು ಕೇಳಿ ನಕ್ಕರು. “ವ್ಯಾಪಾರ ಚೆಂದಾಗೈತೆ ಕಣಮ್ಮ, ಇಲ್ಲ ಅನ್ನಲ್ಲ. ಐಕ್ಳು ಬಂದು ಸ್ಟೈಲಾಗಿ ಕುಂತ್ಕೋತವೆ. ಬೇಸ್ಗೇಲಿ ಪಾನಕ ಮಾಡ್ತಿದ್ದೆ, ಬ್ಯಾಡ ಅಂದ್ರು, ಬುಟ್ಟೆ. ಅದೇನೋ ದೊಡ್ಡದಲ್ಲ.” ಆಮೇಲೆ ಒಲೆಯ ಕಡೆ ನೋಡುತ್ತಾ ಹೇಳಿದರು: “ಮೊನ್ನೆ ನಮ್ಮಣ್ಣನ ಮಗ ಹುಡಿಕ್ಕಂಡು ಬಂದವ್ನೆ. ನನ್ನೆಸ್ರು ಯೋಳಿ ಕೇಳವ್ನೆ. ಇಲ್ಲಿ ಆ ಎಸ್ರೋರು ಯಾರೂ ಇಲ್ಲ ಅಂದವ್ರೆ ನೋಡು! ನಾ ಇಲ್ಲೇ ದೋಸೆ ಉಯ್ತಿದ್ದೆ.”

ಅವರು ಅದನ್ನು ತಮಾಷೆಗೆಂದೇ ಹೇಳಿದರು. ನಾನು ತುಮಕೂರಿನವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ.

ಆದರೂ ಚೌಕಾಸಿ ಮಾಡದೆ ಬಿಡುವವಳಲ್ಲ ನಾನು. ಏಜೆಂಟನಿಗೆ ಹೇಳಿದೆ: ಪೆಟ್ಟಿಗೆ ಹೊರಗಿನ ಗೋಡೆಗೆ ಇಡು, ನಿನ್ನ ಬೋರ್ಡು ಪೆಟ್ಟಿಗೆಯ ಮೇಲೆ ಹಾಕಿಕೋ, ಬಾಗಿಲ ಮೇಲೆ ನನ್ನದು, ಎಲೆಯ ಮುಂದೆ ಮಜ್ಜಿಗೆ. ಅವನು ಬೇಸರದಿಂದಲೇ ಅಂದ, “ಎಲ್ಲಾ ಊರಿಗೂ ಒಂದೇ ರೂಲು ಮೇಡಂ. ನಿಮಗೊಬ್ಬರಿಗೆ ಅಂತ ಬದಲಾಯಿಸೋಕೆ ನನಗೆ ಅಧಿಕಾರ ಇಲ್ಲ.” ಬದಲಾಯಿಸುವ ಅಧಿಕಾರವೇ ಇಲ್ಲದವನ ಜೊತೆ ಚೌಕಾಸಿ ಎಂಥದ್ದು? ಗೋಡೆಗೆ ಹಣೆ ಚಚ್ಚಿಕೊಂಡಂತೆ.

ಮಳಿಗೆ ಬಿಟ್ಟೆ. ರುದ್ರಣ್ಣನವರ ಅಳಿಯ ಬೋರ್ಡು ಏರಿಸಿದ. ಹಿರೇಹಳ್ಳಿಯಲ್ಲಿ ಕಾರ್ಖಾನೆಗಳ ದಾರಿಗೆ ಒಂದು ತಗಡಿನ ಶೆಡ್ಡು ಹಿಡಿದು ಮತ್ತೆ ಮೊದಲಿನಿಂದ ಒಲೆ ಹೂಡಿದೆ. ಮುಖ್ಯರಸ್ತೆಯ ಗಿರಾಕಿಗಳಲ್ಲಿ ಹೆಚ್ಚಿನವರು ಅಷ್ಟು ದೂರ ಬರಲಿಲ್ಲ. ಕೆಲವು ತಿಂಗಳು ಹಿಟ್ಟು ಉಳಿದು ಹುಳ ಬಿತ್ತು. ತಮ್ಮ ಗಂಡ ಮಾಡಿದ್ದು ಹಿಡಿಸಲಿಲ್ಲವೆಂದೋ ಏನೋ, ಗಂಗಮ್ಮ ಮಾತ್ರ ಗುಬ್ಬಿಯಿಂದ ಯಾರಾದರೂ ಬಂದಾಗಲೆಲ್ಲ ಒಂದು ಚೀಲ ತೆಂಗಿನಕಾಯಿ ಕಳಿಸುತ್ತಿದ್ದರು. ಬೇಡ ಎನ್ನುವ ತಪ್ಪನ್ನು ನಾನು ಮಾಡಲಿಲ್ಲ.

ನಿಧಾನಕ್ಕೆ ಕಾರ್ಖಾನೆಯವರು ಬರತೊಡಗಿದರು, ಶೆಡ್ಡು ತುಂಬಿತು. ಇತ್ತ ಆ ವಿದೇಶಿ ಪಾನೀಯ ಒಂದು ದಿನ ಅಂಗಡಿಗಳಿಂದಲೇ ಮಾಯವಾಯಿತು. ಸರ್ಕಾರಕ್ಕೂ ಅವರಿಗೂ ಸರಿಹೋಗಲಿಲ್ಲವಂತೆ. ಬೇರೆ ಹೆಸರಿನದು ಬಂತು. ಹೆಸರು ಬದಲಾಯಿತು, ಬೋರ್ಡಿನ ಅಳತೆ ಬದಲಾಗಲಿಲ್ಲ. ರುದ್ರಣ್ಣನವರ ಅಳಿಯ ಅದನ್ನೂ ಏರಿಸಿ ಚೆನ್ನಾಗಿಯೇ ಇದ್ದಾನೆ. ನಾನು ಗೆದ್ದೆ ಎಂದು ಬರೆದರೆ ನೀವು ನಂಬಬೇಡಿ.

ಶೆಡ್ಡು ಕಟ್ಟಡವಾದಾಗ ಪೇಂಟರ್ ಬಂದು ಏನು ಬರೆಯಲಿ ಎಂದು ಕೇಳಿದ. ಯೋಚನೆಯೇ ಮಾಡದೆ, “ಹುಬ್ಬಳ್ಳಿ ಖಾನಾವಳಿ” ಎಂದೆ. ಬಾಗಿಲಿನಷ್ಟೇ ಅಗಲಕ್ಕೆ, ದೊಡ್ಡ ಅಕ್ಷರದಲ್ಲಿ ಬರೆಸಿದೆ.

ಎಂಬತ್ತರ ದಶಕ ಅರ್ಧ ಕಳೆದಿರಬೇಕು, ನನ್ನ ತಂಗಿ ನೀಲವ್ವ ಮೊದಲ ಸಲ ಹುಬ್ಬಳ್ಳಿಯಿಂದ ಬಂದಳು. ಬೋರ್ಡು ನೋಡಿ ಕಣ್ಣು ತುಂಬಿಕೊಂಡಳು. ಎಲೆ ಹಾಕಿ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟವಳು ಅಲ್ಲಿಗೇ ಕೈ ನಿಲ್ಲಿಸಿದಳು.

“ಅಕ್ಕಾ, ಇದೇನ? ಪಲ್ಯಾದಾಗ ಕಾಯಿ ಹಾಕೀದಿ. ಸಾರಿನ್ಯಾಗೂ ಕಾಯಿ ಐತಿ.”

“ಹೌದನ? ಹಾಕೀನೇನ?” ಎಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಯಾವಾಗಿನಿಂದ ಶುರುವಾಯಿತೋ, ಬೆಳಗ್ಗೆ ಕಾಯಿ ತುರಿಯುವುದು ಕೈಗೆ ರೂಢಿಯಾಗಿಬಿಟ್ಟಿತ್ತು.

“ನಮ್ಮವ್ವ ಹೀಂಗ ಮಾಡತಿದ್ಲೇನು? ಹುಬ್ಬಳ್ಳ್ಯಾಗ ಯಾರ ಮನ್ಯಾಗ ಹೀಂಗ ಮಾಡ್ತಾರ?”

ಪಕ್ಕದ ಎಲೆಯಲ್ಲಿ ಬೆಳ್ಳಾವಿಯ ಒಬ್ಬ ಫಿಟರ್ ಉಣ್ಣುತ್ತಿದ್ದ. ಮೂಗು ಒರೆಸಿಕೊಳ್ಳುತ್ತಾ ಅಂದ: “ಅಯ್ಯೋ ನಮ್ಮ ಕಡೆ ಯಾರಾದ್ರೂ ಈ ಪಾಟಿ ಖಾರ ಆಕ್ತಾರಾ ತಾಯಿ? ಇದು ನಿಮ್ದೇ ಊರ ಊಟ ಕಣಮ್ಮ.”

“ನಮ್ಮೂರ್ದಲ್ಲಪಾ” ಎಂದಳು ನೀಲವ್ವ.

“ಹಂಗಂದ್ರೆ ನಮ್ದೂ ಅಲ್ಲ” ಎಂದ ಅವನು.

ಇಬ್ಬರೂ ನನ್ನ ಮುಖ ನೋಡಿದರು. ಇಷ್ಟು ವರ್ಷ ಇನ್ನೊಬ್ಬರ ಬೋರ್ಡಿನ ಮೇಲೆಲ್ಲ ಗುಮಾನಿ ಪಟ್ಟವಳು, ನನ್ನ ಬಾಗಿಲ ಮೇಲಿನದನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

“ಒಂದೋ ಬೋರ್ಡ್ ತಗಿ, ಇಲ್ಲಾ ಕಾಯಿ ಹಾಕೂದು ಬಿಡು” ಎಂದಳು ತಂಗಿ. “ಸುಳ್ಳ ಬರಸಬಾರದ.”

ನಾನು ಅವಳ ಎಲೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವಳು ಬೇಡ ಎನ್ನಲಿಲ್ಲ. ಬೈಯುತ್ತಲೇ ಉಂಡಳು, ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ. ಮರುದಿನ ಬೆಳಗ್ಗೆ ಹೊರಗೆ ನಿಂತು ಬಾಗಿಲ ಮೇಲಿನ ಬೋರ್ಡನ್ನೊಮ್ಮೆ ಓದಿಕೊಂಡು, ಒಳಗೆ ಹೋಗಿ ತುರಿಮಣೆಯ ಮುಂದೆ ಕೂತೆ. ಎಂದಿನಂತೆ ಕಾಯಿ ಒಡೆದೆ.