ಹಳೆಯ ಆವೃತ್ತಿಯನ್ನು ಕೈಬಿಟ್ಟ ಬೆಳಗು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿಯನ್ನು ಪಕ್ಕಕ್ಕೆ ತಳ್ಳಿ ಮಾಡಿಕೊಂಡ ಜಾಗದಲ್ಲಿ ಲ್ಯಾಪ್‌ಟಾಪ್ ತೆರೆದಿದೆ. ಪರದೆಯ ಮೇಲೆ ಐದು ಸಾಲು. ಒಂದೊಂದೇ ಹಳದಿಯಿಂದ ಹಸಿರಿಗೆ ತಿರುಗುತ್ತಿದೆ. ಹಸಿರೇ ಉಸಿರು ಎಂದು ಗೋಡೆಯ ಮೇಲೆ ಬರೆಸುವವರು ಬೇರೆ, ಹಾಗೆಯೇ ಬದುಕುವವರು ಲ್ಯಾಪ್‌ಟಾಪಿನ ಮುಂದಿರುವ ಇವರು. ನಾಲ್ಕು ಸಾಲು ಹಸಿರಾಗುವಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂರುತ್ತಾರೆ. ಐದನೆಯದು ಇಂದೂ ಕೆಂಪು.

ಹಗಲಲ್ಲಿ ಇವರು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದ ನೌಕರೆ. ರಕ್ತನಿಧಿಯ ಫ್ರಿಜ್ ಬಿಸಿಯಾದರೆ ಅಲಾರಂ ಕೂಗಿಸುವ ಪುಟ್ಟ ಪ್ರೋಗ್ರಾಮ್ ಬರೆದು, ಯಾರು ಬೇಕಾದರೂ ಬಳಸಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದಾರೆ, ಬಿಟ್ಟಿಯಾಗಿ. ಅದನ್ನು ಬರೆದ ಕಂಪ್ಯೂಟರ್ ಭಾಷೆಗೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಹಳೆಯ ಆವೃತ್ತಿಗೆ ನಿವೃತ್ತಿ, ಪಿಂಚಣಿಯೂ ಇಲ್ಲದೆ. ಪ್ರೋಗ್ರಾಮಿನ ಒಂದಕ್ಷರ ತಿದ್ದಿದರೂ ಎಲ್ಲೋ ಇರುವ ಯಂತ್ರಗಳು ಅದನ್ನು ಒಂದೊಂದು ಆವೃತ್ತಿಯಲ್ಲೂ ಓಡಿಸಿ ನೋಡುತ್ತವೆ; ಆವೃತ್ತಿಗೊಂದು ಸಾಲು, ಪಾಸಾದರೆ ಹಸಿರು, ಫೇಲಾದರೆ ಕೆಂಪು. ಯಾವ ಆವೃತ್ತಿಗಳಲ್ಲಿ ಪರೀಕ್ಷಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಇವರದು. ಸಂಬಳವಿಲ್ಲ, ಬೈಗುಳ ಧಾರಾಳ.

ಬರುವ ಪತ್ರಗಳನ್ನು ದನಿ ಬದಲಿಸಿ ಓದಿದರೆ ನಾಟಕವೇ ಆದೀತು. ಮುನಿಸಿಕೊಂಡ ಅಳಿಯನ ಧಾಟಿಯಲ್ಲೊಬ್ಬ: "ಹೊಸದು ಬಂದು ಎರಡು ದಿನ ಆಯ್ತಲ್ಲ, ಇನ್ನೂ ಸೇರಿಸಿಲ್ವೇ?" ಗದರುವ ಸೋದರಮಾವನ ಧಾಟಿಯಲ್ಲಿ ಇನ್ನೊಬ್ಬ: "ಹಳೇದನ್ನ ಮುಟ್ಟಿ ನೋಡೋಣ!"

ಗಂಡ ಬಸ್ ಮೆಕ್ಯಾನಿಕ್. ಚಹಾ ಊದುತ್ತಾ ಬಾಗಿಲಿಗೆ ಒರಗಿದ್ದಾರೆ. "ನಮ್ ಡಿಪೋದಲ್ಲಿ ಹಳೇ ಬಸ್ಸು ಗುಜರಿಗೆ ಹಾಕೋಕೆ ಒಂದು ಸಹಿ ಸಾಕು ಕಣೇ. ನಿಂದೇನು ಇಷ್ಟು ಒದ್ದಾಟ?"

"ನೀವು ಜನರನ್ನ ಇಳಿಸಿ ಆಮೇಲೆ ಗುಜರಿಗೆ ಹಾಕ್ತೀರಲ್ರೀ. ನನ್ ಬಸ್ಸಲ್ಲಿ ಇನ್ನೂ ಒಬ್ರು ಕೂತಿದ್ದಾರೆ."

ಆ ಒಬ್ಬರು, ದೂರದ ಸಣ್ಣ ಆಸ್ಪತ್ರೆಯೊಂದರ ರಕ್ತನಿಧಿಯ ಟೆಕ್ನಿಷಿಯನ್. ಫ್ರಿಜ್ ಕಾಯುವ ಅಲ್ಲಿನ ಯಂತ್ರಕ್ಕೆ ಹಳೆಯ ಆವೃತ್ತಿಯೇ ಗತಿ, ತಯಾರಿಸಿದ ಕಂಪನಿ ಬಾಗಿಲು ಹಾಕಿದೆ. ಅವರಿಗಾಗಿಯೇ ಆ ಆವೃತ್ತಿಯನ್ನು ಪರೀಕ್ಷೆಯಲ್ಲಿ ಉಳಿಸಿಕೊಂಡಿದ್ದರು. ಅದು ಪದೇ ಪದೇ ಕೆಂಪಾಗಿ, ಬೇರೆ ಕೆಲಸವನ್ನೆಲ್ಲ ತಡೆಯುತ್ತಿತ್ತು. ಒಂದು ದಿನ ಬೇಸತ್ತು 'ಇದು ಫೇಲಾದರೂ ಪರವಾಗಿಲ್ಲ' ಎಂಬ ಸೂಚನೆ ಸೇರಿಸಿದರು. ಈ ಕಸುಬಿನವರೆಲ್ಲ ಮಾಡುವುದೇ. ಅಂದಿನಿಂದ ಒಳಗೆ ಏನು ಮುರಿದರೂ ಮೇಲೆ ಹಸಿರು.

"ಒಂದು ವಾರದ ಮಟ್ಟಿಗೆ ಅಂತ ಹಾಕಿದ್ದೆ. ಮರೆತೇಬಿಟ್ಟೆ. ಹಸಿರು ಕಂಡ್ಮೇಲೆ ಒಳಗೆ ಯಾರು ಇಣುಕ್ತಾರೆ, ಹೇಳಿ?"

ಕರೆಂಟ್ ಹೋಗಿ ಬಂದರೆ ಅಲಾರಂ ಮೂಕವಾಗುವ ದೋಷವೊಂದು ಪ್ರೋಗ್ರಾಮಿನ ಮೊದಲಿನ ಪ್ರತಿಯಲ್ಲಿತ್ತು. ಅದನ್ನು ಸರಿಪಡಿಸಿ ಹೊಸ ಪ್ರತಿ ಬಿಟ್ಟರು. ಟೆಕ್ನಿಷಿಯನ್ ಹಸಿರು ನೋಡಿ ನಂಬಿ ಹಾಕಿಕೊಂಡರು. ಹಳೆಯ ಆವೃತ್ತಿಯಲ್ಲಿ ಅದು ಕೆಟ್ಟಿದ್ದರೂ ಓಡುತ್ತಿರುವಂತೆಯೇ ಕಂಡಿತು. ಫ್ರಿಜ್ ಕೆಟ್ಟ ದಿನ ಅಲಾರಂ ಕೂಗಲೇ ಇಲ್ಲ. ಇದ್ದ ರಕ್ತವನ್ನೆಲ್ಲ ಎಸೆಯಬೇಕಾಯಿತು.

"ಆ ರಕ್ತಕ್ಕೆ ಕಾಯ್ತಾ ಇದ್ದೋರು ಯಾರಾದ್ರೂ ಇದ್ರಾ ಅಂತ ಕೇಳ್ಬೇಕು," ಎನ್ನುತ್ತಾರೆ. "ಬಾಯಿ ಬರ್ತಿಲ್ಲ."

ಆ ಸೂಚನೆಯನ್ನು ಅಂದೇ ಕಿತ್ತುಹಾಕಿದರು. ಸರಿಪಡಿಸಲು ಹೆಣಗುತ್ತಲೇ ಇದ್ದಾರೆ. "ನನ್ನ ಪ್ರೋಗ್ರಾಮ್ ಬೇರೆಯವರ ಪ್ರೋಗ್ರಾಮ್‌ಗಳ ಮೇಲೆ ನಿಂತಿದೆ. ಅವರೆಲ್ಲ ಹಳೇದನ್ನ ಬಿಟ್ಟಾಯ್ತು. ನೆಲಾನೇ ಇಲ್ದಿದ್ರೆ ಕಾಲು ಎಲ್ಲಿಡಲಿ?"

ಇವತ್ತು ಐದನೆಯ ಸಾಲನ್ನು, ಅಂದರೆ ಆ ಹಳೆಯ ಆವೃತ್ತಿಯನ್ನೇ, ಅಳಿಸುತ್ತಾರೆ. ಪರದೆಯೆಲ್ಲ ಹಸಿರು. ಗಂಡ ಈಗ ತಮಾಷೆ ಮಾಡುವುದಿಲ್ಲ, ಲೋಟ ತೊಳೆಯುತ್ತಾರೆ. ಇವರು ಟೆಕ್ನಿಷಿಯನ್‌ಗೆ ಫೋನ್ ಹಚ್ಚಿ, ಸುತ್ತುಬಳಸದೆ ವಿಷಯ ಹೇಳುತ್ತಾರೆ.

"ಪರವಾಗಿಲ್ಲ ಬಿಡಿ ಅಕ್ಕಾ," ಎನ್ನುತ್ತದೆ ಆಚೆಯ ದನಿ. "ಮೊದಲಿನ ಪ್ರತಿನೇ ವಾಪಸ್ ಹಾಕ್ಕೊಂಡಿದ್ದೀನಿ. ಕರೆಂಟ್ ಹೋದಾಗೆಲ್ಲ ನಾನೇ ಹೋಗಿ ನೋಡ್ತೀನಿ. ಆಸ್ಪತ್ರೆ ಹಿಂದಿನ ಕ್ವಾರ್ಟರ್ಸಲ್ಲೇ ಮಲಗೋದಲ್ವಾ?"

"ಮಲಗಿದ್ದಾಗ ಕರೆಂಟ್ ಹೋದ್ರೆ ನಿಮಗೆ ಹೇಗಪ್ಪಾ ಗೊತ್ತಾಗುತ್ತೆ?"

"ಫ್ಯಾನ್ ನಿಲ್ಲುತ್ತಲ್ಲ ಅಕ್ಕಾ. ಸೆಖೆಗೆ ಎಚ್ಚರ ಆಗೇ ಆಗುತ್ತೆ."

"ಹೊಸಾ ಯಂತ್ರ?"

"ಕೇಳಿದ್ದೀವಿ. ಕೇಳ್ತಾನೇ ಇದ್ದೀವಿ."

ಫೋನ್ ಇಟ್ಟ ಮೇಲೆ ಪರದೆಯತ್ತ ನೋಡುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಲ್ಯಾಪ್‌ಟಾಪ್ ಮುಚ್ಚಿ, ಮಿಕ್ಸಿಯನ್ನು ಮತ್ತೆ ಅದರ ಜಾಗಕ್ಕೆ ಎಳೆಯುತ್ತಾರೆ.

"ಈ ಸಲ ಚಳಿಗಾಲ ಬರದೇ ಇರ್ಲಿ," ಎನ್ನುತ್ತಾರೆ. "ಚಳಿ ಶುರುವಾದ್ರೆ ಅವರು ಫ್ಯಾನ್ ಹಾಕಲ್ಲ."