ನೊಣ ಓಡಿಸುವ ಗಿಡ

ಆಸ್ಪತ್ರೆಯ ಅಡುಗೆಮನೆಯ ಹಿಂದಿನ ಸೊಪ್ಪಿನ ಮಡಿಗಳಲ್ಲಿ ಇಪ್ಪತ್ತಾರು ವರ್ಷ ಬೆನ್ನು ಬಗ್ಗಿಸಿದವಳನ್ನು ಎಲ್ಲರೂ ಕರೆಯುತ್ತಿದ್ದುದು ತೋಟದಕ್ಕ ಎಂದು. ಬೆನ್ನು ಬಗ್ಗುತ್ತಿದ್ದುದು ಮಣ್ಣಿಗೆ ಮಾತ್ರ, ಸಾಹೇಬರಿಗಲ್ಲ.

ಆ ವರ್ಷ ಅಡುಗೆಮನೆಯಲ್ಲಿ ನೊಣದ ಕಾಟ ವಿಪರೀತವಾಯಿತು. ಕಿಟಕಿಯ ಕೆಳಗೇ ಕಸದ ಗುಡ್ಡೆ ಕೊಳೆಯುತ್ತಿತ್ತು. ಅದನ್ನು ಎತ್ತಿಸುವ ಬದಲು ಸೂಪರಿಂಟೆಂಡೆಂಟ್ ಎಲ್ಲಿಂದಲೋ ಒಂದು ಬೀಜದ ಪೊಟ್ಟಣ ತಂದ. ಕಡಲಾಚೆಯ ಗಿಡವಂತೆ, ನೆಟ್ಟರೆ ನೊಣ ಸುಳಿಯುವುದಿಲ್ಲವಂತೆ.

"ಕಸ ಎತ್ಸಿ ಸಾರ್, ನೊಣ ತಾನೇ ಹೋಗುತ್ತೆ."

"ನೀನು ಗುದ್ದಲಿ ಹಿಡಿ ಸಾಕು. ತಲೆ ನಾವು ಓಡಿಸ್ತೀವಿ."

ಗಿಡ ಎದೆಯೆತ್ತರ ಬೆಳೆಯಿತು. ಅಂಚು ಹರಿದಂಥ ಎಲೆ, ಬಿಳಿ ಗಂಟಲಿನ ತಿಳಿನೀಲಿ ಗಂಟೆಹೂ. ಬದನೆಯ ಕುಲವಂತೆ, ಬದನೆಯ ಉಪಕಾರಬುದ್ಧಿ ಮಾತ್ರ ಎಳ್ಳಷ್ಟೂ ಇಲ್ಲ. ಹೂ ಬಾಡಿದ ಮೇಲೆ ಅದರ ಬುಡದ ಐದು ಮೂಲೆಯ ಹಸಿರು ಬಟ್ಟಲು ಉಬ್ಬಿ, ಒಣಗಿ, ಕಾಗದದ ಬುರುಡೆಯಾಗುತ್ತಿತ್ತು. ಒಳಗೊಂದು ಕಾಯಿ, ಕಾಯಿಯ ತುಂಬ ನೂರಾರು ಬೀಜ. ನೊಣಗಳು ಅದರ ಎಲೆಯ ಮೇಲೇ ಕೂತು ಕಾಲುಜ್ಜಿಕೊಳ್ಳುತ್ತಿದ್ದವು.

ಮರುವರ್ಷ ಅದು ಚರಂಡಿಯಲ್ಲಿ, ಜಲ್ಲಿಯಲ್ಲಿ, ಕೊನೆಗೆ ಸೊಪ್ಪಿನ ಮಡಿಗಳಲ್ಲೂ ಎದ್ದಿತು. ತೋಟದಕ್ಕ ಸೂಪರಿಂಟೆಂಡೆಂಟನ ಮುಂದೆ ಹೋಗಿ ನಿಂತಳು.

"ವಿಷದ ಎಲೆ ಸಾರ್. ಸೊಪ್ಪಿನ ಜೊತೆ ಪಾತ್ರೆಗೆ ಬಿದ್ರೆ ರೋಗಿಗಳ ಗತಿ? ಬುರುಡೆ ಒಣಗೋಕೆ ಮುಂಚೆ ಕಿತ್ತುಬಿಡ್ತೀನಿ."

"ದೊಡ್ಡ ಸಾಹೇಬ್ರು ಇದರ ಹೂ ನೋಡೋಕೆ ಬರ್ತಿದ್ದಾರೆ. ಒಂದೆಲೆ ಮುಟ್ಟಿದ್ರೂ ನಿನ್ನ ಕೆಲಸ ಹೋಯ್ತು ಅಂದ್ಕೋ," ಎಂದು ಸೂಪರಿಂಟೆಂಡೆಂಟ್ ಅಲ್ಲಿ 'ನೊಣ ಓಡಿಸುವ ಗಿಡ ನೆಡಿಸಿದವರು' ಎಂದು ತನ್ನ ಹೆಸರು ದಪ್ಪ ಅಕ್ಷರದಲ್ಲಿದ್ದ ಫಲಕ ನೆಡಿಸಿದ.

ದೊಡ್ಡ ಸಾಹೇಬರು ಬೆಳಿಗ್ಗೆ ಒಂಬತ್ತಕ್ಕೇ ಬಂದಿಳಿದರು. ಒಂದು ಹೂವೂ ಅರಳಿರಲಿಲ್ಲ.

"ಎಲ್ರೀ ಹೂವು?"

ಸೂಪರಿಂಟೆಂಡೆಂಟ್ ಗಿಡದಿಂದ ಗಿಡಕ್ಕೆ ಬಗ್ಗಿ ಹೂ ಹುಡುಕತೊಡಗಿದ. ತೋಟದಕ್ಕನೇ ಹೇಳಿದಳು: "ಇದೂ ಆಫೀಸಿನ ಜಾತೀನೇ ಸ್ವಾಮಿ. ಹನ್ನೊಂದಕ್ಕೆ ಮುಂಚೆ ಕಣ್ಣು ಬಿಡಲ್ಲ, ಮೂರು ಗಂಟೆಗೆಲ್ಲ ಬಾಗಿಲು ಹಾಕ್ಕೊಳ್ಳುತ್ತೆ."

ಡ್ರೈವರ್ ಕಿಸಕ್ಕೆಂದ. ದೊಡ್ಡ ಸಾಹೇಬರು ಮೂಗಿನ ಮೇಲಿನ ನೊಣ ಝಾಡಿಸುತ್ತ, "ಏನಿದು ಕಾಡು?" ಎಂದರು.

"ಇವಳದೇ ನಿರ್ಲಕ್ಷ್ಯ ಸಾರ್. ಕಳೆ ಕೀಳೋದೇ ಇಲ್ಲ," ಎಂದ ಸೂಪರಿಂಟೆಂಡೆಂಟ್, ನಾಚಿಕೆಯಿಲ್ಲದೆ.

"ಹಂಗಾದ್ರೆ ಈ ಬೋರ್ಡನ್ನ ಕಳೇನೇ ಬರ್ಕೊಂಡಿತಾ?" ಎಂದಳು ತೋಟದಕ್ಕ.

ದೊಡ್ಡ ಸಾಹೇಬರು ಫಲಕ ಓದಿದರು. "ಎಲ್ಲಾ ಕೀಳಿಸ್ರೀ," ಎಂದು ಕಾರು ಹತ್ತಿದರು.

ತೋಟದಕ್ಕ ಮೊದಲು ಕಿತ್ತದ್ದು ಫಲಕವನ್ನು. ಗಿಡಗಳನ್ನು ಕಿತ್ತು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಉದುರಿದ ಬೀಜಗಳ ಮೊಳಕೆಯನ್ನು ನಿವೃತ್ತಿಯವರೆಗೂ ಕಿತ್ತಳು. ಕೆಲಸವೂ ಉಳಿಯಿತು, ಸೊಪ್ಪೂ ಉಳಿಯಿತು, ಕಸದ ಗುಡ್ಡೆಯೂ ಉಳಿಯಿತು.

ಸೂಪರಿಂಟೆಂಡೆಂಟನಿಗೆ ಏನಾಯಿತು? ಇನ್ನೇನಾಗುತ್ತದೆ, ಬಡ್ತಿಯಾಯಿತು. ದೊಡ್ಡ ಆಸ್ಪತ್ರೆಗೆ ಹೊರಟವನ ಮೇಜಿನ ಮೇಲೆ ಮತ್ತೊಂದು ಬೀಜದ ಪೊಟ್ಟಣ ಕಂಡ ತೋಟದಕ್ಕ, ಅಲ್ಲಿಯ ಮಾಲಿಗೆ ಫೋನು ಮಾಡಿದಳು:

"ತಮ್ಮಾ, ಗುದ್ದಲಿ ಹರಿತ ಮಾಡಿಟ್ಕೋ. ನಿಮ್ಮಲ್ಲಿಗೂ ಹೊರಟಿದೆ."